ಮಗುವಿಗೆ ನಟನಾ ಶಾಲೆ ಆರಿಸುವುದು: ದಾವಣಗೆರೆ, ಚಿತ್ರದುರ್ಗದ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿಗೆ ನಾಟಕ ಕಲಿಸುವ ಕೆಲಸದಲ್ಲಿರುವ ನನಗೆ ತಾಲೀಮಿನ ಕೋಣೆಯ ಬಾಗಿಲಲ್ಲಿ, ಶಾಲೆಗಳ ಪೋಷಕರ ಸಭೆಗಳಲ್ಲಿ, ಪತ್ರಗಳಲ್ಲಿ ಮತ್ತು ಮೊಬೈಲ್ ಸಂದೇಶಗಳಲ್ಲಿ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಈಗಷ್ಟೇ ಯೋಚಿಸಲು ತೊಡಗಿದವರ ಪ್ರಶ್ನೆಗಳು ಮೊದಲಿಗೆ ಬಂದಿವೆ. ಮಕ್ಕಳು ಈಗಾಗಲೇ ಕಲಿಯುತ್ತಿರುವವರು ಕೊನೆಯ ಭಾಗಗಳನ್ನು ನೇರವಾಗಿ ಓದಬಹುದು.

## ಸೇರಿಸುವ ಮೊದಲು

ನನ್ನ ಮಗ ಮನೆಗೆ ಬಂದವರನ್ನೆಲ್ಲ ಥೇಟ್ ಹಾಗೇ ಮಾಡಿ ತೋರಿಸುತ್ತಾನೆ. ನಟನಾ ಶಾಲೆಗೆ ಸೇರಿಸಲೇಬೇಕಾ?

ಅನುಕರಣೆ ಬಹುಪಾಲು ಮಕ್ಕಳಲ್ಲಿರುವ ಗುಣ. ಅದರಿಂದ ಮಗುವಿನ ಕಣ್ಣು ಮತ್ತು ಕಿವಿ ಚುರುಕಾಗಿವೆ ಎಂದು ತಿಳಿಯುತ್ತದೆ. ನಾಟಕಕ್ಕೆ ಅದರ ಜೊತೆಗೆ ಇನ್ನೂ ಕೆಲವು ಒಲವುಗಳು ಬೇಕು: ಎದುರಿಗಿರುವವರ ಮಾತನ್ನು ಕೇಳಿಸಿಕೊಳ್ಳುವುದು, ತನ್ನ ಸರದಿ ಬರುವವರೆಗೆ ಕಾಯುವುದು, ಒಂದೇ ದೃಶ್ಯವನ್ನು ಹತ್ತು ಸಲ ಬೇಸರವಿಲ್ಲದೆ ಮಾಡುವುದು. ಆದ್ದರಿಂದ ಶಾಲೆ ಹುಡುಕುವ ಮೊದಲು ಮಗನನ್ನು ನಾಟಕಗಳಿಗೆ ಕರೆದುಕೊಂಡು ಹೋಗಿ. ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಪ್ರತಿವರ್ಷ ಹೊಸ ನಾಟಕಗಳನ್ನು ಕಟ್ಟಿಕೊಂಡು ನಾಡಿನುದ್ದಕ್ಕೂ ತಿರುಗುತ್ತದೆ. ದುಗ್ಗಮ್ಮನ ಜಾತ್ರೆಯ ಕಾಲಕ್ಕೆ ದಾವಣಗೆರೆಗೆ ನಾಟಕ ಕಂಪನಿಗಳು ಬರುತ್ತವೆ. ಎರಡು ಮೂರು ನಾಟಕಗಳನ್ನು ಕಂಡ ಮೇಲೂ ಮಗು ಅದರ ಬಗ್ಗೆಯೇ ಮಾತನಾಡುತ್ತಿದ್ದರೆ, ಮನೆಯಲ್ಲಿ ಅದನ್ನೇ ಆಡಲು ಗೆಳೆಯರನ್ನು ಸೇರಿಸುತ್ತಿದ್ದರೆ, ಆಗ ಶಾಲೆಯನ್ನು ನೋಡಲು ಹೊರಡಬಹುದು. ಸೇರುವುದಕ್ಕೆ ಇಷ್ಟವಿದೆಯೇ ಎಂದು ಮಗುವನ್ನು ಕೇಳುವುದನ್ನು ಮಾತ್ರ ಯಾರೂ ಮರೆಯಬಾರದು.

ಯಾವ ವಯಸ್ಸಿಗೆ ಸೇರಿಸಿದರೆ ಸರಿ?

ಆರು ವರ್ಷಕ್ಕೆ ಮುಂಚೆ ಅವಸರ ಬೇಡ. ಆ ವಯಸ್ಸಿನ ಮಕ್ಕಳು ಅಡುಗೆಯಾಟ, ಶಾಲೆಯಾಟಗಳಲ್ಲಿ ಮಾಡುವುದೂ ಪಾತ್ರಾಭಿನಯವೇ, ಅದಕ್ಕೆ ಮೇಷ್ಟ್ರ ಅಗತ್ಯವಿಲ್ಲ. ಆರರಿಂದ ಎಂಟರವರೆಗೆ ಕಥೆ, ಹಾಡು, ಕುಣಿತ ಮತ್ತು ರಂಗಾಟಗಳಿರುವ, ಒಂದು ಗಂಟೆ ಮೀರದ ತರಗತಿ ಸಾಕು. ಒಂಬತ್ತು ಹತ್ತರ ಸುಮಾರಿಗೆ ಮಗು ಗುಂಪಿನಲ್ಲಿ ಸೇರಿ ನಾಟಕವೊಂದನ್ನು ಆರಂಭದಿಂದ ಕೊನೆಯವರೆಗೆ ಹಿಡಿದಿಟ್ಟುಕೊಳ್ಳಬಲ್ಲದು. ಪಾತ್ರದ ಮನಸ್ಸನ್ನು ವಿಚಾರಿಸುವುದು, ಪಠ್ಯವನ್ನು ಬಿಡಿಸಿ ಓದುವುದು, ಧ್ವನಿ ಹಾಗೂ ಉಸಿರಿನ ಮೇಲೆ ಗಮನವಿಟ್ಟು ದುಡಿಯುವುದು ಹನ್ನೊಂದು ಹನ್ನೆರಡರ ನಂತರದ ಮಾತು. ನಾಲ್ಕು ವರ್ಷದ ಮಗುವಿಗೆ ‘ನಟನೆಯ ಸರ್ಟಿಫಿಕೇಟ್ ಕೋರ್ಸ್’ ಎಂದು ಯಾರಾದರೂ ಹೇಳಿದರೆ ಅವರು ಮಾರುತ್ತಿರುವುದು ಕಾಗದವನ್ನು.

ಮಗಳು ಬಹಳ ನಾಚಿಕೆ ಸ್ವಭಾವದವಳು. ಸ್ಟೇಜ್ ಮೇಲೆ ನಿಲ್ಲಿಸಿದರೆ ಧೈರ್ಯ ಬರುತ್ತದಲ್ಲವೇ?

ನಾಟಕದಿಂದ ಧೈರ್ಯ ಬಂದಿರುವ ಮಕ್ಕಳು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಧೈರ್ಯ ಬರುವುದು ವೇದಿಕೆಯ ಮೇಲೆ ಒಂಟಿಯಾಗಿ ನಿಲ್ಲಿಸುವುದರಿಂದಲ್ಲ. ಗುಂಪಿನ ಹಾಡಿನಲ್ಲಿ ದನಿಗೂಡಿಸುತ್ತ, ಮುಖವಾಡದ ಹಿಂದೆ ನಿಂತು, ಗೊಂಬೆಯ ಕೈಯಿಂದ ಮಾತಾಡಿಸುತ್ತ, ತಮಟೆಯನ್ನೋ ತಾಳವನ್ನೋ ಹಿಡಿದು ಮೇಳದಲ್ಲಿ ಕೂತು ಮಗು ಮೆಲ್ಲಗೆ ಮುಂದೆ ಬರುತ್ತದೆ. ಹೀಗಾಗಿ ಶಾಲೆಯವರನ್ನು ನೇರವಾಗಿ ಕೇಳಿ: ಬಾಯಿ ಬಿಡದ ಮಗುವಿಗೆ ಮೊದಲ ತಿಂಗಳು ನೀವು ಏನು ಕೆಲಸ ಕೊಡುತ್ತೀರಿ? ಇದಕ್ಕೆ ತಡವರಿಸದೆ ಉತ್ತರ ಕೊಡುವವರ ಬಳಿ ಅನುಭವವಿದೆ ಎಂದು ತಿಳಿಯಬಹುದು.

ಮಗುವಿಗೆ ತೊದಲು ಅಥವಾ ಉಗ್ಗು ಇದ್ದರೆ ವಿಷಯ ಬೇರೆ. ಒಟ್ಟಾಗಿ ಹಾಡುವಾಗ, ಒಂದೇ ದನಿಯಲ್ಲಿ ಮಾತು ಹೇಳುವಾಗ ಉಗ್ಗು ಕಡಿಮೆಯಾಗುವುದುಂಟು. ಅದನ್ನು ಕಂಡು ನಾಟಕವೇ ಚಿಕಿತ್ಸೆ ಎಂದು ಭಾವಿಸಬಾರದು. ಮೊದಲು ವಾಕ್ ಚಿಕಿತ್ಸಕರ ಬಳಿ ಹೋಗಿ, ಅವರ ಸಲಹೆಯನ್ನು ಮೇಷ್ಟ್ರಿಗೆ ತಿಳಿಸಿ, ಎರಡೂ ಕಡೆಯವರು ಒಂದೇ ದಾರಿಯಲ್ಲಿ ನಡೆಯುವಂತೆ ನೋಡಿಕೊಳ್ಳಿ.

ರಂಗಶಾಲೆ, ಬೇಸಿಗೆ ಶಿಬಿರ, ಆಕ್ಟಿಂಗ್ ಕ್ಲಾಸ್ ಅಂತೆಲ್ಲ ಇದೆ. ಯಾವುದು ಯಾವುದಕ್ಕೆ?

ಬೇಸಿಗೆ ಶಿಬಿರ ಪರಿಚಯಕ್ಕೆ ಹೇಳಿ ಮಾಡಿಸಿದ್ದು. ಏಪ್ರಿಲ್, ಮೇ ತಿಂಗಳಲ್ಲಿ ಎರಡು ಮೂರು ವಾರ ನಡೆದು ಕೊನೆಗೆ ಒಂದು ಪುಟ್ಟ ನಾಟಕದೊಂದಿಗೆ ಮುಗಿಯುತ್ತದೆ. ಮಗುವಿಗೆ ಇದು ಒಗ್ಗುತ್ತದೆಯೇ ಎಂದು ಕಡಿಮೆ ಖರ್ಚಿನಲ್ಲಿ ಕಂಡುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ವಾರಕ್ಕೊಮ್ಮೆ ಅಥವಾ ಎರಡು ಸಲ ವರ್ಷವಿಡೀ ನಡೆಯುವ ಮಕ್ಕಳ ರಂಗತರಗತಿಯಲ್ಲಿ ಕಲಿಕೆ ನಿಧಾನವಾಗಿ ಬೇರೂರುತ್ತದೆ. ಈ ಬರಹದಲ್ಲಿ ‘ಶಾಲೆ’ ಎಂದಾಗ ನನ್ನ ಮನಸ್ಸಿನಲ್ಲಿರುವುದು ಹೆಚ್ಚಾಗಿ ಇದೇ. ಆಕ್ಟಿಂಗ್ ಕ್ಲಾಸ್ ಎಂಬ ಫಲಕದಡಿ ನಡೆಯುವವುಗಳಲ್ಲಿ ಹಲವು ಕ್ಯಾಮೆರಾ ಮುಂದೆ ಸಂಭಾಷಣೆ ಹೇಳಿಸುವುದಕ್ಕೆ ಒತ್ತು ಕೊಡುತ್ತವೆ. ಹನ್ನೆರಡು ವರ್ಷದೊಳಗಿನ ಮಗುವಿಗೆ ಅದನ್ನು ಮೊದಲ ಆಯ್ಕೆಯಾಗಿ ನಾನು ಸೂಚಿಸುವುದಿಲ್ಲ, ಏಕೆಂದರೆ ಪರದೆಯ ಮೇಲೆ ತನ್ನ ಮುಖವನ್ನು ಮತ್ತೆ ಮತ್ತೆ ನೋಡಿಕೊಳ್ಳುವ ಮಗು ಎದುರಿನವರನ್ನು ನೋಡುವುದನ್ನು ಬಹಳ ಬೇಗ ಬಿಟ್ಟುಬಿಡುತ್ತದೆ.

## ನಮ್ಮ ಊರಿನಲ್ಲಿ, ನಮ್ಮ ಸುತ್ತಮುತ್ತ

ದಾವಣಗೆರೆ, ಚಿತ್ರದುರ್ಗದಲ್ಲಿ ಇದಕ್ಕೆಲ್ಲ ಏನಿದೆ ಸರ್? ಬೆಂಗಳೂರಿಗೇ ಹೋಗಬೇಕಾ?

ಚಿಕ್ಕ ಮಗುವಿನ ಕಲಿಕೆಗಾಗಿ ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ. ದಾವಣಗೆರೆಯಿಂದ ಅಲ್ಲಿಗೆ ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ಒಂದೂವರೆ ಗಂಟೆಯ ತರಗತಿಗಾಗಿ ಪ್ರತಿ ಭಾನುವಾರವನ್ನು ರೈಲಿನಲ್ಲೋ ಬಸ್ಸಿನಲ್ಲೋ ಕಳೆಯುವ ಮಗುವಿಗೆ ಆಟಕ್ಕೂ ನಿದ್ದೆಗೂ ಸಮಯ ಉಳಿಯುವುದಿಲ್ಲ, ದಣಿದ ಮಗು ಕಲಿಯುವುದೂ ಇಲ್ಲ.

ನಮ್ಮ ಸೀಮೆ ನಾಟಕಕ್ಕೆ ಬಡವೇನೂ ಅಲ್ಲ. ಚಿಂದೋಡಿ ಲೀಲಾ ಅವರು ಕೆ.ಬಿ.ಆರ್. ಡ್ರಾಮಾ ಕಂಪನಿಯೊಂದಿಗೆ ದಾವಣಗೆರೆಯ ಹೆಸರನ್ನು ನಾಡಿನೆಲ್ಲೆಡೆ ಕೊಂಡೊಯ್ದವರು, ಈಗ ವೃತ್ತಿ ರಂಗಭೂಮಿಗೆಂದೇ ಮೀಸಲಾದ ರಂಗಾಯಣವೂ ದಾವಣಗೆರೆಯ ಪಾಲಿಗೆ ಬಂದಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಕಟ್ಟಿ ಬೆಳೆಸಿದ ರಂಗಚಟುವಟಿಕೆಯಿದೆ. ಅಲ್ಲಿನ ವಿಶಾಲವಾದ ಬಯಲು ರಂಗಮಂದಿರದಲ್ಲಿ ನವೆಂಬರ್ ಹೊತ್ತಿಗೆ ನಡೆಯುವ ನಾಟಕೋತ್ಸವಕ್ಕೆ ಮಗುವನ್ನು ಒಮ್ಮೆಯಾದರೂ ಕರೆದುಕೊಂಡು ಹೋಗಿ. ಚಿತ್ರದುರ್ಗದಲ್ಲಿ ತ.ರಾ.ಸು. ರಂಗಮಂದಿರದ ಕಾರ್ಯಕ್ರಮಗಳಿವೆ. ಹಳ್ಳಿಗಳ ಕಡೆ ಬಯಲಾಟದ ಮೇಳಗಳೂ ಪೌರಾಣಿಕ ನಾಟಕದ ತಾಲೀಮುಗಳೂ ಇನ್ನೂ ನಡೆಯುತ್ತಿವೆ.

ಹುಡುಕುವಾಗ ಮೂರು ಕಡೆ ವಿಚಾರಿಸಿ. ಜಿಲ್ಲಾ ಬಾಲಭವನದಲ್ಲಿ ಬೇಸಿಗೆ ಶಿಬಿರದ ಬಗ್ಗೆ ಕೇಳಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಊರಿನ ಹವ್ಯಾಸಿ ತಂಡಗಳು ಯಾರು, ಮಕ್ಕಳ ನಾಟಕ ಮಾಡಿಸುವವರು ಯಾರು ಎಂದು ಕೇಳಿ. ಮೂರನೆಯದಾಗಿ ನಿಮ್ಮ ಮಗುವಿನ ಶಾಲೆಯಲ್ಲೇ ಕೇಳಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡುತ್ತಿರುವ ನಾಟಕ ಶಿಕ್ಷಕರಲ್ಲಿ ರಂಗಶಾಲೆಗಳಲ್ಲಿ ಕಲಿತು ಬಂದವರಿದ್ದಾರೆ. ಅಂಥವರೊಬ್ಬರು ನಿಮ್ಮ ತಾಲ್ಲೂಕಿನಲ್ಲಿದ್ದರೆ, ದುಬಾರಿ ಶುಲ್ಕದ ಯಾವ ಸಂಸ್ಥೆಗಿಂತಲೂ ಅವರ ಬಳಿ ನಿಮ್ಮ ಮಗು ಹೆಚ್ಚು ಕಲಿತೀತು.

ಏಳನೇ ಕ್ಲಾಸಿನ ಮಗನನ್ನು ಸಾಣೇಹಳ್ಳಿಗೋ ನೀನಾಸಂಗೋ ಕಳುಹಿಸಬಹುದಾ?

ಈಗಲೇ ಸಾಧ್ಯವಿಲ್ಲ. ಸಾಣೇಹಳ್ಳಿಯ ಶಿವಕುಮಾರ ರಂಗಪ್ರಯೋಗ ಶಾಲೆ ಮತ್ತು ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ನಡೆಸುವ ಡಿಪ್ಲೊಮಾಗಳು ಯುವಕ ಯುವತಿಯರಿಗಾಗಿ ಇರುವ, ಅಲ್ಲಿಯೇ ಉಳಿದು ಇಡೀ ದಿನ ಕಲಿಯುವ ತರಬೇತಿಗಳು. ಆದರೆ ಈ ಎರಡೂ ಕಡೆ ಕಲಿತು ಬಂದವರು ನಮ್ಮ ಜಿಲ್ಲೆಗಳಲ್ಲಿ ಮಕ್ಕಳಿಗೆ ಕಲಿಸುತ್ತಿರುತ್ತಾರೆ. ಆ ಶಾಲೆಗಳ ಲಾಭ ನಿಮ್ಮ ಮಗನಿಗೆ ಸದ್ಯಕ್ಕೆ ಅವರ ಮೂಲಕ ದೊರೆಯಬಹುದು.

ಆನ್‌ಲೈನ್ ಕ್ಲಾಸ್ ಸಾಲದೇ?

ಸಾಲದು. ಕಥೆ ಹೇಳುವುದನ್ನು, ಉಚ್ಚಾರಣೆಯನ್ನು ಸ್ವಲ್ಪಮಟ್ಟಿಗೆ ಪರದೆಯ ಮೂಲಕ ಕಲಿಸಬಹುದು. ಪಕ್ಕದಲ್ಲಿ ನಿಂತ ಮಗುವಿನ ಉಸಿರು, ನಡಿಗೆ, ಕಣ್ಣುಗಳಿಗೆ ಸ್ಪಂದಿಸುವುದನ್ನು ಅಲ್ಲಿ ಕಲಿಸಲಾಗದು, ಮತ್ತು ಅಭಿನಯದ ಮುಕ್ಕಾಲು ಪಾಲು ಅದೇ.

## ಶಾಲೆಯನ್ನು ಅಳೆಯುವುದು

ಅವರ ವಾರ್ಷಿಕ ಪ್ರದರ್ಶನ ನೋಡಿದೆವು, ಬಹಳ ಚೆನ್ನಾಗಿತ್ತು. ಸೇರಿಸಿಬಿಡಬಹುದಲ್ಲ?

ಪ್ರದರ್ಶನ ಒಂದನ್ನೇ ನೋಡಿ ನಿರ್ಧರಿಸಬೇಡಿ. ಬೆಳಕು, ಧ್ವನಿಮುದ್ರಿತ ಸಂಗೀತ, ಬಾಡಿಗೆಗೆ ತಂದ ಉಡುಪು ಇವುಗಳಿಂದ ಯಾವ ಕಾರ್ಯಕ್ರಮವೂ ಕಣ್ಣಿಗೆ ಹಬ್ಬವಾಗುತ್ತದೆ. ಸೇರಿಸುವ ಮುಂಚೆ ಯಾವುದಾದರೊಂದು ಸಾಮಾನ್ಯ ದಿನದ ತರಗತಿಯನ್ನು ಪೂರ್ತಿ ಕೂತು ನೋಡಲು ಅನುಮತಿ ಕೇಳಿ. ದಿನವೂ ಪೋಷಕರು ಕೂತರೆ ಮಕ್ಕಳು ಬಿಚ್ಚಿಕೊಳ್ಳುವುದಿಲ್ಲ ಎಂದು ಮೇಷ್ಟ್ರು ಹೇಳಿದರೆ ಅದು ನ್ಯಾಯವಾದ ಮಾತು. ಒಂದು ದಿನವೂ ಬೇಡ ಎನ್ನುವುದಾದರೆ ಅಲ್ಲಿಂದ ಎದ್ದು ಬನ್ನಿ.

ಪ್ರದರ್ಶನವನ್ನು ನೋಡಿದ್ದೀರಾದರೆ ಅದರಲ್ಲಿ ಇದನ್ನು ನೆನಪಿಸಿಕೊಳ್ಳಿ: ಹಿಂದಿನ ಸಾಲಿನಲ್ಲಿದ್ದ ಮಕ್ಕಳು ನಾಟಕದೊಳಗೆ ಇದ್ದರೇ, ಅಥವಾ ತಂದೆತಾಯಿ ಎಲ್ಲಿ ಕೂತಿದ್ದಾರೆ ಎಂದು ಹುಡುಕುತ್ತಿದ್ದರೇ? ಮುಖ್ಯ ಪಾತ್ರದ ಮಗುವಿಗಿಂತ ಹಿಂದಿನ ಸಾಲಿನ ಮಕ್ಕಳಿಂದ ಶಾಲೆಯ ಬಗ್ಗೆ ಹೆಚ್ಚು ತಿಳಿಯುತ್ತದೆ.

ಸರಿ, ತರಗತಿ ನೋಡಲು ಬಿಟ್ಟರು. ಕೂತು ಏನನ್ನು ಗಮನಿಸಬೇಕು? ನಮಗೆ ನಾಟಕದ ಗಂಧವೇ ಇಲ್ಲ.

ನಾಟಕ ಗೊತ್ತಿಲ್ಲದಿದ್ದರೂ ಮಕ್ಕಳು ನಿಮಗೆ ಗೊತ್ತು. ಗಮನಿಸಬೇಕಾದದ್ದು ಮಕ್ಕಳನ್ನೇ.

ಮೊದಲು ಕಾಲನ್ನು ನೋಡಿ. ಒಂದು ಗಂಟೆಯಲ್ಲಿ ಮಕ್ಕಳು ಎಷ್ಟು ಹೊತ್ತು ಎದ್ದು ಓಡಾಡಿದರು, ಎಷ್ಟು ಹೊತ್ತು ಚಕ್ಕಳಮಕ್ಕಳ ಹಾಕಿ ಕೂತು ಮೇಷ್ಟ್ರ ಮಾತು ಕೇಳಿದರು ಎಂಬುದರ ಲೆಕ್ಕ ಹಾಕಿ. ಒಳ್ಳೆಯ ತರಗತಿಯಲ್ಲಿ ಮಕ್ಕಳ ಮೈ ಬೆಚ್ಚಗಾಗಿರುತ್ತದೆ. ಆರಂಭದಲ್ಲಿ ಮೈಸಡಿಲಿಸುವ ಆಟಗಳು, ನಡುವೆ ಜೋಡಿಯಾಗಿ ಅಥವಾ ಗುಂಪಾಗಿ ಮಾಡುವ ಅಭ್ಯಾಸ, ಕೊನೆಗೆ ಮಾಡಿದ್ದರ ಬಗ್ಗೆ ನಾಲ್ಕು ಮಾತು, ಇಂಥದೊಂದು ಓಟ ಕಾಣುತ್ತದೆ. ಅಲ್ಲಿ ಆಡಿಸುವ ಆಟಗಳನ್ನು ಕಂಡು ‘ಇದಕ್ಕೂ ದುಡ್ಡು ಕೊಡಬೇಕೇ’ ಎಂದು ಕೆಲವರಿಗೆ ಅನಿಸುತ್ತದೆ. ರಂಗಾಟಗಳು ಕಾಲಹರಣವಲ್ಲ. ವಯೋಲಾ ಸ್ಪೋಲಿನ್ ಎಂಬ ಶಿಕ್ಷಕಿ 1930ರ ದಶಕದಲ್ಲಿ ಷಿಕಾಗೋ ನಗರದ ವಲಸೆಗಾರರ ಮಕ್ಕಳೊಂದಿಗೆ ಕೆಲಸ ಮಾಡುತ್ತ ಇಂಥ ಆಟಗಳನ್ನು ಒಂದು ಕ್ರಮಕ್ಕೆ ತಂದರು. ಇಂದು ಜಗತ್ತಿನ ಬಹುತೇಕ ರಂಗಶಾಲೆಗಳಲ್ಲಿ ದೊಡ್ಡವರೂ ಆ ಬಗೆಯ ಆಟಗಳಿಂದಲೇ ತರಬೇತಿ ಪಡೆಯುತ್ತಾರೆ. ಕನ್ನಡಿಯಾಟದಲ್ಲಿ ಒಬ್ಬರ ಚಲನೆಯನ್ನು ಇನ್ನೊಬ್ಬರು ಪ್ರತಿಬಿಂಬದಂತೆ ಮಾಡುವಾಗ, ಎದುರಿನವರನ್ನು ಬಿಡದೆ ನೋಡುವ ಶಿಸ್ತು ಮಗುವಿಗೆ ಅರಿವಿಲ್ಲದೆಯೇ ಬಂದಿರುತ್ತದೆ.

ಎರಡನೆಯದಾಗಿ, ಮೇಷ್ಟ್ರು ತಾವೇ ಮಾಡಿ ತೋರಿಸಿ ‘ಹೀಗೇ ಮಾಡು’ ಎನ್ನುತ್ತಾರೆಯೋ ಅಥವಾ ‘ನೀನಾಗಿದ್ದರೆ ಏನು ಮಾಡುತ್ತಿದ್ದೆ’ ಎಂದು ಕೇಳುತ್ತಾರೆಯೋ ನೋಡಿ. ಒಂದೇ ಬಗೆಯ ಅಳು, ಒಂದೇ ಬಗೆಯ ನಗು, ಎಲ್ಲ ಮಕ್ಕಳದೂ ಒಂದೇ ಏರಿಳಿತದ ಮಾತು ಕಂಡರೆ ಅಲ್ಲಿ ನಡೆಯುತ್ತಿರುವುದು ಬಾಯಿಪಾಠ. ಮೂರನೆಯದು, ತಪ್ಪಾದಾಗ ಏನಾಗುತ್ತದೆ ಎಂಬುದು. ಮಾತು ಮರೆತ ಮಗುವನ್ನು ಉಳಿದವರು ನಕ್ಕು ಗೇಲಿ ಮಾಡಿದರೆ, ಮೇಷ್ಟ್ರು ಅದನ್ನು ತಡೆಯದಿದ್ದರೆ ಅಥವಾ ತಾವೂ ಸೇರಿಕೊಂಡರೆ, ಆ ಶಾಲೆಗೆ ಎಷ್ಟೇ ಹೆಸರಿದ್ದರೂ ಬೇಡ. ಅಳುವ ದೃಶ್ಯಕ್ಕಾಗಿ ಮಗುವಿಗೆ ‘ನಿಮ್ಮ ಅಜ್ಜಿ ಸತ್ತದ್ದನ್ನು ನೆನಪಿಸಿಕೋ’ ಎಂದು ಹೇಳುವವರನ್ನು ಕಂಡರಂತೂ ಕೂಡಲೇ ದೂರವಿರಿ. ಸ್ವಂತ ನೋವನ್ನು ಕೆದಕಿ ಅಭಿನಯಿಸುವ ವಿಧಾನ ದೊಡ್ಡವರಿಗೇ ಅಪಾಯ ತರಬಲ್ಲದು. ಮಕ್ಕಳಿಗೆ ಅದನ್ನು ಬಳಸುವುದು ತಪ್ಪು.

ಮಕ್ಕಳ ಸಂಖ್ಯೆಯನ್ನೂ ಎಣಿಸಿ. ಒಬ್ಬ ಶಿಕ್ಷಕರಿಗೆ ಹದಿನೈದು ಮಕ್ಕಳನ್ನು ಮೀರಿದರೆ ಕಷ್ಟ ಎಂಬುದು ನನ್ನ ಅನುಭವದ ಮಾತು. ಆರು ವರ್ಷದವರನ್ನೂ ಹದಿಮೂರರವರನ್ನೂ ಒಂದೇ ತರಗತಿಯಲ್ಲಿ ಕೂಡಿಹಾಕಿದ್ದರೆ ಇಬ್ಬರಿಗೂ ನಷ್ಟ. ಜಾಗವನ್ನು ನೋಡುವಾಗ ನೆಲ ಜಾರುತ್ತದೆಯೇ, ಗಾಳಿಯಾಡುತ್ತದೆಯೇ, ಕುಡಿಯುವ ನೀರಿದೆಯೇ ಎಂದು ನೋಡಿ; ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಶೀಟಿನ ಸೂರಿನ ಕೆಳಗೆ ಮಧ್ಯಾಹ್ನದ ತರಗತಿ ನಡೆಸುವವರಿಗೆ ಮಕ್ಕಳ ಬಗ್ಗೆ ಯೋಚನೆಯಿಲ್ಲ ಎಂದೇ ಅರ್ಥ.

ಸೀರಿಯಲ್‌ನಲ್ಲಿ ಪಾತ್ರ ಮಾಡಿದವರೇ ಕಲಿಸುತ್ತಾರೆ. ಅದು ಒಳ್ಳೆಯದೇ ಅಲ್ಲವೇ?

ನಟಿಸುವುದು ಒಂದು ವಿದ್ಯೆ, ಮಕ್ಕಳಿಗೆ ಕಲಿಸುವುದು ಇನ್ನೊಂದು. ಎರಡೂ ಬಲ್ಲವರು ಇದ್ದಾರೆ, ಆದರೆ ಮೊದಲನೆಯದು ಇರುವುದರಿಂದ ಎರಡನೆಯದು ತಾನಾಗಿ ಬಂದುಬಿಡುವುದಿಲ್ಲ. ನಾಲ್ಕು ವಿಷಯ ಕೇಳಿ: ನೀವು ಎಲ್ಲಿ ಕಲಿತಿರಿ, ಮಕ್ಕಳೊಂದಿಗೆ ಎಷ್ಟು ಕಾಲದಿಂದ ಕೆಲಸ ಮಾಡುತ್ತಿದ್ದೀರಿ, ಮಕ್ಕಳಿಗಾಗಿ ಯಾವ ನಾಟಕಗಳನ್ನು ಮಾಡಿಸಿದ್ದೀರಿ, ಫಲಕದಲ್ಲಿ ಹೆಸರಿರುವ ನೀವೇ ಪ್ರತಿ ವಾರ ಬರುತ್ತೀರೋ ಅಥವಾ ಬೇರೆಯವರು ಕಲಿಸುತ್ತಾರೋ? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಪಡೆಯದೆ ಶುಲ್ಕ ಕಟ್ಟಬೇಡಿ, ಏಕೆಂದರೆ ಉದ್ಘಾಟನೆಯ ದಿನ ಬಂದ ನಟರು ಮತ್ತೆ ಸಮಾರೋಪಕ್ಕೆ ಬರುವ ಶಾಲೆಗಳೂ ಇವೆ. ಹಿಂದಿನ ವರ್ಷ ಕಲಿತ ಇಬ್ಬರು ಮೂವರು ಮಕ್ಕಳ ಪೋಷಕರೊಂದಿಗೆ ಮಾತನಾಡುವುದರಿಂದಲೂ ಬಹಳಷ್ಟು ತಿಳಿಯುತ್ತದೆ, ಬಿಟ್ಟುಹೋದವರು ಸಿಕ್ಕರಂತೂ ತಪ್ಪದೆ ಕೇಳಿ.

ಮಗಳು ಇಂಗ್ಲಿಷ್ ಮೀಡಿಯಂ. ಕನ್ನಡ ಓದಲು ತಡವರಿಸುತ್ತಾಳೆ. ಅಲ್ಲಿ ನಮ್ಮ ಕಡೆಯ ಮಾತನ್ನೂ ತಿದ್ದುತ್ತಾರಂತೆ, ಹೌದೇ?

ಓದಲು ತಡವರಿಸುವುದು ಅಡ್ಡಿಯೇ ಅಲ್ಲ. ಒಳ್ಳೆಯ ಶಿಕ್ಷಕರು ಮಾತನ್ನು ಮೊದಲು ಕಿವಿಯಿಂದ ಕಲಿಸುತ್ತಾರೆ, ಪುಸ್ತಕ ಆಮೇಲೆ ಬರುತ್ತದೆ. ನಾಟಕದ ಆಸೆಗಾಗಿ ಕನ್ನಡ ಓದು ಸುಧಾರಿಸಿಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ.

ಮಾತು ತಿದ್ದುವ ವಿಷಯದಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಅಕಾರ ಹಕಾರ, ಅಲ್ಪಪ್ರಾಣ ಮಹಾಪ್ರಾಣ, ಸಕಾರ ಶಕಾರಗಳು ಬೇಕಾದಾಗ ಸ್ಪಷ್ಟವಾಗಿ ಬಾಯಿಗೆ ಬರಬೇಕು. ಪೌರಾಣಿಕ ಪಾತ್ರಕ್ಕೂ ವಚನ ಹೇಳುವುದಕ್ಕೂ ಅದಿಲ್ಲದೆ ನಡೆಯದು, ಅದನ್ನು ಕಲಿಸುವುದು ಶಿಕ್ಷಕರ ಕರ್ತವ್ಯ. ಆದರೆ ಮಗು ಮನೆಯಲ್ಲಿ ಆಡುವ ಮಾತನ್ನು ‘ಹಳ್ಳಿ ಭಾಷೆ’ ಎಂದು ಹಳಿದು ಬಿಡಿಸುವ ಶಾಲೆ ಮಗುವಿನ ಅತಿ ದೊಡ್ಡ ಆಸ್ತಿಯನ್ನು ಕಿತ್ತುಕೊಂಡಂತೆ. ದಾವಣಗೆರೆಯ ಪೇಟೆಯ ಮಾತು, ಚಳ್ಳಕೆರೆ ಮೊಳಕಾಲ್ಮುರು ಕಡೆಯ ಮಾತು, ಹರಪನಹಳ್ಳಿಯ ಕಡೆಯ ಮಾತು ಒಂದೊಂದಕ್ಕೂ ತನ್ನದೇ ಲಯವಿದೆ, ರಂಗದ ಮೇಲೆ ಆ ಲಯಕ್ಕೆ ಬೆಲೆಯಿದೆ. ಎರಡನ್ನೂ ಇಟ್ಟುಕೊಂಡು ಪಾತ್ರಕ್ಕೆ ತಕ್ಕಂತೆ ಬಳಸಲು ಕಲಿಸುವ ಶಾಲೆಯನ್ನು ಹುಡುಕಿ.

ಹೆಣ್ಣುಮಗು. ಸುರಕ್ಷತೆಯ ಬಗ್ಗೆ ಕೇಳಿದರೆ ಅವರಿಗೆ ಬೇಸರವಾಗುತ್ತದೇನೋ ಎಂಬ ಹಿಂಜರಿಕೆ.

ಹಿಂಜರಿಯಬೇಡಿ, ಗಂಡುಮಗುವಿನ ತಂದೆತಾಯಿಯೂ ಇದೇ ಪ್ರಶ್ನೆಗಳನ್ನು ಕೇಳಬೇಕು. ಬಟ್ಟೆ ಬದಲಿಸಲು ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಕೋಣೆಯಿದೆಯೇ? ಉಡುಪು ತೊಡಿಸುವಾಗ, ಬಣ್ಣ ಹಚ್ಚುವಾಗ ಯಾರು ಇರುತ್ತಾರೆ? ಹೊರ ಊರಿನ ಪ್ರದರ್ಶನಕ್ಕೆ ಹೋದರೆ ರಾತ್ರಿ ಎಲ್ಲಿ ಉಳಿಯುತ್ತಾರೆ, ಜೊತೆಯಲ್ಲಿ ಮಹಿಳೆಯರು ಇರುತ್ತಾರೆಯೇ? ಒಬ್ಬ ಮಗುವನ್ನು ಮಾತ್ರ ‘ವಿಶೇಷ ತಾಲೀಮು’ ಎಂದು ಮುಚ್ಚಿದ ಕೋಣೆಗೆ ಕರೆಯುವ ರೂಢಿಯಿದೆಯೇ? ಅಭ್ಯಾಸದಲ್ಲಿ ಮಗುವಿನ ಮೈ ಮುಟ್ಟಬೇಕಾದಾಗ ಮಗುವನ್ನು ಕೇಳಿ ಮುಟ್ಟುತ್ತಾರೆಯೇ? ಫೋಟೊ ಮತ್ತು ವಿಡಿಯೊಗಳನ್ನು ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಹಂಚುತ್ತಾರೆಯೇ?

ಜವಾಬ್ದಾರಿಯುತ ಶಾಲೆ ಇವುಗಳಿಗೆ ಬೇಸರಪಡುವುದಿಲ್ಲ, ನೀವು ಕೇಳುವ ಮೊದಲೇ ಹೇಳಿರುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ‘ಶಾಲೆಯ ಮರ್ಯಾದೆ’ಗಾಗಿ ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂಬುದನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

## ಹಣ, ಭರವಸೆ, ಕ್ಯಾಮೆರಾ

ವರ್ಷದ ಶುಲ್ಕವನ್ನು ಒಟ್ಟಿಗೇ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ಕಟ್ಟಬಹುದೇ?

ಮೊದಲ ವರ್ಷ ಬೇಡ. ತಿಂಗಳಿಗೋ ಮೂರು ತಿಂಗಳಿಗೋ ಕಟ್ಟುವ ವ್ಯವಸ್ಥೆ ಕೇಳಿ, ಮಗು ಬಿಟ್ಟರೆ ಎಷ್ಟು ಹಣ ಹಿಂತಿರುಗಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಶುಲ್ಕದ ಮೊತ್ತಕ್ಕಿಂತ ಅದರ ಹೊರಗಿನ ಖರ್ಚುಗಳು ಪೋಷಕರನ್ನು ಹಣ್ಣು ಮಾಡುತ್ತವೆ: ಉಡುಪಿನ ಬಾಡಿಗೆ, ಪ್ರಸಾಧನ, ಸಭಾಂಗಣದ ಬಾಡಿಗೆಯಲ್ಲಿ ಪಾಲು, ಕಡ್ಡಾಯವಾಗಿ ಮಾರಬೇಕಾದ ಟಿಕೆಟ್, ವಿಡಿಯೊ ಪ್ರತಿ. ಇವೆಲ್ಲವನ್ನೂ ಸೇರಿಸಿ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ. ಹೆಚ್ಚು ಹಣ ಕೊಟ್ಟವರ ಮಗುವಿಗೆ ದೊಡ್ಡ ಪಾತ್ರ ಎಂಬ ಸೂಚನೆ ಎಲ್ಲಾದರೂ ಸಿಕ್ಕರೆ ಅದು ಶಾಲೆಯೇ ಅಲ್ಲ. ಮಾತು ತಪ್ಪಿ ಹಣ ಉಳಿಸಿಕೊಂಡವರ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು.

ಸಿನಿಮಾದಲ್ಲಿ ಅವಕಾಶ ಗ್ಯಾರಂಟಿ, ಪೋರ್ಟ್‌ಫೋಲಿಯೊ ಮಾಡಿಸಿ ಎನ್ನುತ್ತಿದ್ದಾರೆ. ನಂಬಬಹುದೇ?

ನಂಬಬೇಡಿ. ಪಾತ್ರಕ್ಕೆ ಮಗುವನ್ನು ಆರಿಸುವವರು ನಿರ್ದೇಶಕರು ಮತ್ತು ಅವರ ತಂಡ. ಬೇರೊಬ್ಬರು ಅದರ ಗ್ಯಾರಂಟಿ ಕೊಡಲಾಗದು. ಆಡಿಷನ್‌ಗೆ ಶುಲ್ಕ, ನೋಂದಣಿಗೆ ಶುಲ್ಕ, ‘ಆಯ್ಕೆಯಾಗಿದ್ದೀರಿ, ಉಡುಪಿಗೆ ಹಣ ಕಳುಹಿಸಿ’ ಎಂಬ ಕರೆ ಇವೆಲ್ಲ ಮೋಸದ ಗುರುತುಗಳು. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ಮಕ್ಕಳ ಮುಖ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರುತ್ತದೆ, ಆದ್ದರಿಂದ ಸಾವಿರಾರು ರೂಪಾಯಿಯ ಫೋಟೊ ಆಲ್ಬಂ ಬೇಗನೆ ಹಳತಾಗುತ್ತದೆ. ಮೊಬೈಲಿನಲ್ಲಿ ಹಗಲು ಬೆಳಕಿನಲ್ಲಿ ತೆಗೆದ ಮೂರು ನಾಲ್ಕು ಸಹಜ ಚಿತ್ರಗಳೂ ಮಗು ಮಾತಾಡುವ ಒಂದು ಸಣ್ಣ ವಿಡಿಯೊವೂ ಮೊದಲ ಹಂತಕ್ಕೆ ಸಾಕು.

ನಿಜವಾಗಿಯೂ ಶೂಟಿಂಗ್‌ಗೆ ಕರೆ ಬಂತು ಅಂದುಕೊಳ್ಳಿ. ಕಾನೂನು ಏನು ಹೇಳುತ್ತದೆ?

ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುತ್ತದೆ. ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಬಾಲಕಲಾವಿದರಿಗೆ, ಓದಿಗೆ ಧಕ್ಕೆಯಾಗದಂತೆ, ಷರತ್ತಿನ ಮೇಲೆ ವಿನಾಯಿತಿ ಕೊಡುತ್ತದೆ. ಆ ಷರತ್ತುಗಳು 2017ರ ನಿಯಮಗಳಲ್ಲಿವೆ. ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಅಥವಾ ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತವಾಗಿ 27 ದಿನಗಳನ್ನು ಮೀರಿ ಕೆಲಸ ಮಾಡಿಸುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ನಿರ್ಮಾಪಕರು ಅನುಮತಿ ಪಡೆದು, ಪೋಷಕರ ಒಪ್ಪಿಗೆಯನ್ನೂ ಮಕ್ಕಳ ಹೊಣೆ ಹೊತ್ತವರ ಹೆಸರನ್ನೂ ಸಲ್ಲಿಸಬೇಕು. ಐದು ಮಕ್ಕಳಿಗೆ ಕನಿಷ್ಠ ಒಬ್ಬರಂತೆ ಹೊಣೆಗಾರರು ಇರಬೇಕು. ಸಂಪಾದನೆಯ ಕನಿಷ್ಠ ಶೇ. 20 ಭಾಗವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಯಲ್ಲಿ ಇಡಬೇಕು. ಮಗು ವಯಸ್ಕವಾದಾಗ ಅದು ಅದಕ್ಕೇ ಸೇರುತ್ತದೆ. ಮಗುವಿನ ಇಚ್ಛೆಗೆ ವಿರುದ್ಧವಾಗಿ ಯಾವುದರಲ್ಲೂ ಪಾಲ್ಗೊಳಿಸುವಂತಿಲ್ಲ.

ಈ ನಿಯಮಗಳ ಬಗ್ಗೆ ನಿಮ್ಮ ನಟನಾ ಶಾಲೆಯವರನ್ನು ಒಮ್ಮೆ ವಿಚಾರಿಸಿ ನೋಡಿ. ಮಕ್ಕಳನ್ನು ಶೂಟಿಂಗ್‌ಗೆ ಕಳುಹಿಸುವ ಶಾಲೆಗೆ ಇವು ತಿಳಿದಿಲ್ಲವೆಂದರೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿಲ್ಲ.

## ಕಲಿಯಲು ತೊಡಗಿದ ಮೇಲೆ

ವರ್ಷವಾಯಿತು. ಕಲಿಯುತ್ತಿದ್ದಾಳೋ ಇಲ್ಲವೋ ಹೇಗೆ ತಿಳಿಯುವುದು? ಪ್ರತಿಭಾ ಕಾರಂಜಿಯಲ್ಲೂ ಬಹುಮಾನ ಬರಲಿಲ್ಲ.

ಬಹುಮಾನವನ್ನು ಅಳತೆಗೋಲಾಗಿ ಹಿಡಿಯಬೇಡಿ. ಪ್ರತಿಭಾ ಕಾರಂಜಿಯ ಛದ್ಮವೇಷ, ಅಭಿನಯ ಗೀತೆಯಂಥ ಸ್ಪರ್ಧೆಗಳಲ್ಲಿ ಕೆಲವೇ ನಿಮಿಷಗಳಲ್ಲಿ ಕಣ್ಣಿಗೆ ಬೀಳುವಂತೆ ಮಾಡಬೇಕಾಗುತ್ತದೆ. ಗುಂಪಿನೊಂದಿಗೆ ನಾಟಕ ಕಟ್ಟುವ ಕಲಿಕೆ ಅಲ್ಲಿ ಕಾಣಿಸುವುದು ಕಡಿಮೆ. ಬದಲಿಗೆ ಇವನ್ನು ಗಮನಿಸಿ: ತನ್ನ ಪಾತ್ರದ ಬಗ್ಗೆ ಮಾತ್ರ ಹೇಳುತ್ತಿದ್ದವಳು ಇಡೀ ನಾಟಕದ ಕಥೆ ಹೇಳುತ್ತಾಳೆಯೇ, ಬೇರೆಯವರು ಚೆನ್ನಾಗಿ ಮಾಡಿದ್ದನ್ನು ಮೆಚ್ಚಿ ಹೇಳುತ್ತಾಳೆಯೇ, ಗಟ್ಟಿಯಾಗಿ ಓದುವಾಗ ಅರ್ಥಕ್ಕೆ ತಕ್ಕಂತೆ ನಿಲ್ಲಿಸುತ್ತಾಳೆಯೇ, ತರಗತಿಯ ದಿನ ಬೆಳಗ್ಗೆ ತಾನೇ ನೆನಪಿಸುತ್ತಾಳೆಯೇ? ಇವುಗಳಲ್ಲಿ ಎರಡು ಮೂರಕ್ಕೆ ಹೌದು ಎಂದಾದರೆ ಶಾಲೆ ತನ್ನ ಕೆಲಸ ಮಾಡುತ್ತಿದೆ.

ಆರು ತಿಂಗಳು ಖುಷಿಯಿಂದ ಹೋಗುತ್ತಿದ್ದವನು ಈಗ ಬಿಡುತ್ತೇನೆ ಎನ್ನುತ್ತಿದ್ದಾನೆ.

ಕಾರಣವನ್ನು ಸಮಾಧಾನದಿಂದ ಕೇಳಿ, ಒಂದೇ ಸಲಕ್ಕೆ ಹೇಳದಿದ್ದರೆ ಕಾಯಿರಿ. ಬಯಸಿದ ಪಾತ್ರ ಸಿಗದ ಸಿಟ್ಟಾಗಿದ್ದರೆ ಈ ನಾಟಕ ಮುಗಿಸಿ ಆಮೇಲೆ ನಿರ್ಧರಿಸೋಣ ಎನ್ನಬಹುದು, ನಡುವೆ ಬಿಟ್ಟರೆ ಉಳಿದ ಮಕ್ಕಳಿಗೆ ತೊಂದರೆಯಾಗುತ್ತದೆ ಎಂಬುದು ಅವನಿಗೂ ತಿಳಿಯಬೇಕು. ಕ್ರಿಕೆಟ್‌ನ ಕಡೆಗೋ ಚಿತ್ರಕಲೆಯ ಕಡೆಗೋ ಮನಸ್ಸು ಹೊರಳಿದ್ದರೆ ಹೋಗಲು ಬಿಡಿ. ಆದರೆ ಯಾರೋ ಒಬ್ಬರ ಹೆಸರು ಬಂದಾಗ ಮಾತು ನಿಲ್ಲಿಸುತ್ತಿದ್ದರೆ, ಭಯ ಕಾಣುತ್ತಿದ್ದರೆ, ಅಂದೇ ತರಗತಿ ನಿಲ್ಲಿಸಿ ವಿಚಾರಿಸಿ. ನಾಟಕ ಅರ್ಧಕ್ಕೆ ನಿಂತರೂ ಪರವಾಗಿಲ್ಲ.

ಮಗನಿಗೆ ಹದಿಮೂರು, ಧ್ವನಿ ಒಡೆಯುತ್ತಿದೆ. ಅಭ್ಯಾಸ ಮುಂದುವರಿಸಬಹುದೇ?

ಮುಂದುವರಿಸಬಹುದು, ಕೂಗಿಸುವುದನ್ನು ಮಾತ್ರ ನಿಲ್ಲಿಸಬೇಕು. ಈ ಕಾಲದಲ್ಲಿ ಗಂಟಲಿನ ಧ್ವನಿಪಟಲಗಳು ಉದ್ದವಾಗಿ ದಪ್ಪವಾಗುತ್ತಿರುತ್ತವೆ, ಹೀಗಾಗಿ ದನಿ ಹಿಡಿತಕ್ಕೆ ಸಿಗುವುದಿಲ್ಲ. ಏರುದನಿಯ ಕಂದಪದ್ಯ, ವೀರಾವೇಶದ ಮಾತುಗಳಿರುವ ಪಾತ್ರವನ್ನು ಸ್ವಲ್ಪ ಕಾಲ ಮುಂದೂಡಿ, ಮೂಕಾಭಿನಯ, ಮೃದು ಮಾತಿನ ಪಾತ್ರ, ರಂಗಸಜ್ಜಿಕೆಯ ಕೆಲಸಗಳನ್ನು ಕೊಡಲು ಮೇಷ್ಟ್ರಿಗೆ ಹೇಳಿ. ಎರಡು ಮೂರು ವಾರ ಕಳೆದರೂ ಗೊಗ್ಗರು ದನಿ ಹೋಗದೆ ನೋವೂ ಇದ್ದರೆ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ನಿಲ್ಲಿಸಿಬಿಡೋಣವೇ?

ಪೂರ್ತಿ ನಿಲ್ಲಿಸುವ ಅಗತ್ಯವಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ವಾರಕ್ಕೊಂದು ತರಗತಿ ಇಟ್ಟುಕೊಂಡು, ಆ ವರ್ಷ ದೊಡ್ಡ ಪಾತ್ರವಾಗಲಿ ಹೊರ ಊರಿನ ಪ್ರದರ್ಶನವಾಗಲಿ ಬೇಡ ಎಂದು ಶಾಲೆಯೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಡಿಸೆಂಬರ್‌ನಿಂದ ಪರೀಕ್ಷೆ ಮುಗಿಯುವವರೆಗೆ ಬಿಡುವು ಕೊಟ್ಟರಾಯಿತು.

ಮಗಳು ಇದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎನ್ನುತ್ತಾಳೆ. ಮುಂದಿನ ದಾರಿ ಯಾವುದು?

ದಾರಿಗಳಿವೆ, ಅವುಗಳಿಗೆ ಒಂದು ಕ್ರಮವೂ ಇದೆ. ಕರ್ನಾಟಕದಲ್ಲಿ ಒಂದು ವರ್ಷದ ಮಟ್ಟದ ಗಂಭೀರ ರಂಗತರಬೇತಿಗೆ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರ, ಸಾಣೇಹಳ್ಳಿಯ ರಂಗಪ್ರಯೋಗ ಶಾಲೆ ಮತ್ತು ಮೈಸೂರಿನ ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರಗಳಿವೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನ ಮೂರು ವರ್ಷದ ತರಬೇತಿಗೆ ಪದವಿ ಮುಗಿದಿರಬೇಕು, ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಅದರ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಸಿನಿಮಾ ನಟನೆಗಾಗಿ ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಿದೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಹದಿನೆಂಟರವರೆಗೆ ನಿಮ್ಮ ಮಗಳು ಏನನ್ನೂ ಕಳೆದುಕೊಳ್ಳುತ್ತಿಲ್ಲ. ಪಿಯುಸಿಯಲ್ಲಿ ಅವಳಿಗೆ ಇಷ್ಟವಾದ ವಿಷಯವನ್ನೇ ಓದಲಿ, ಪದವಿ ಪಡೆಯಲಿ, ಊರಿನ ಹವ್ಯಾಸಿ ತಂಡದಲ್ಲಿ ವರ್ಷಕ್ಕೊಂದಾದರೂ ನಾಟಕ ಮಾಡುತ್ತಿರಲಿ. ಸಂದರ್ಶನದಲ್ಲಿ ಹಾಡು, ಮೈಯ ಲವಲವಿಕೆ ಮತ್ತು ಓದಿನ ಆಳವನ್ನೂ ನೋಡುತ್ತಾರೆ, ಆದ್ದರಿಂದ ಸಂಗೀತ ಅಥವಾ ಯಾವುದಾದರೂ ಜನಪದ ಕುಣಿತದ ಅಭ್ಯಾಸವಿದ್ದರೆ ಒಳ್ಳೆಯದು. ಆದಾಯದ ವಿಷಯವನ್ನು ಅವಳಿಂದ ಮುಚ್ಚಿಡಬೇಡಿ. ನಟನೆ ಒಂದರಿಂದಲೇ ಬದುಕುವವರು ಕಡಿಮೆ. ಶಾಲೆಗಳಲ್ಲಿ ನಾಟಕ ಕಲಿಸುವುದು, ಕಂಠದಾನ, ಬೆಳಕಿನ ವಿನ್ಯಾಸ, ಪ್ರಸಾಧನ, ನಿರ್ದೇಶನ ಇವುಗಳನ್ನು ಜೊತೆಗೂಡಿಸಿಕೊಂಡು ಗೌರವದಿಂದ ಬದುಕುತ್ತಿರುವವರು ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ. ಅಂಥವರೊಬ್ಬರ ಬಳಿ ಅವಳನ್ನು ಕರೆದುಕೊಂಡು ಹೋಗಿ, ಒಂದು ನಾಟಕ ಕಟ್ಟುವಾಗ ತಿಂಗಳುಗಟ್ಟಲೆ ನಡೆಯುವ ಕೆಲಸದಲ್ಲಿ ಸಹಾಯಕಿಯಾಗಿ ಇರಲು ಬಿಡಿ. ಬೆಳಕಿಗೆ ತಂತಿ ಎಳೆಯುವುದರಿಂದ ಹಿಡಿದು ಪ್ರದರ್ಶನದ ಮರುದಿನ ಉಡುಪು ಒಗೆದು ಮಡಿಸಿಡುವವರೆಗೆ ಎಲ್ಲವನ್ನೂ ಮಾಡಿದ ಮೇಲೂ ಇದೇ ಬೇಕು ಎಂದರೆ ಅರ್ಜಿ ತುಂಬಲು ನೀವೇ ನೆರವಾಗಿ.